‘ನನಗೆ ಬರಲ್ಲ’ ಅನ್ನೋ ಒಳಮಾತನ್ನ ತಿದ್ದೋದು ಹೇಗೆ?

ಹನುಮಂತನಗರ ನಿವಾಸಿ (ಪ್ರಶ್ನೆ)

ಆಫೀಸ್ ಮೀಟಿಂಗ್‌ನಲ್ಲಿ ಬಾಯಿ ತೆರೆಯೋ ಮೊದಲೇ ‘ನಿಂಗೆ ಇಂಗ್ಲಿಷ್ ಬರಲ್ಲ, ಸುಮ್ನಿರು’ ಅಂತ ಮನಸ್ಸು ಗದರುತ್ತೆ. ಇದಕ್ಕೆ ಎದುರಾಗಿ ‘ನಾನು ಆತ್ಮವಿಶ್ವಾಸದಿಂದ ತುಂಬಿದ್ದೇನೆ’ ಅಂತ ಕನ್ನಡಿ ಮುಂದೆ 21 ದಿನ ಹೇಳ್ಕೊಂಡ್ರೆ ಸರಿಹೋಗುತ್ತೆ ಅಂತಾರೆ. ಹೇಳಿದಷ್ಟೂ ಸುಳ್ಳು ಅನ್ನಿಸುತ್ತೆ. ವಾಕ್ಯ ಹೇಗಿರಬೇಕು? ದಿನಕ್ಕೆ ಎಷ್ಟು ಸಲ?

ಮಲ್ಲೇಶ್ವರ 18ನೇ ಕ್ರಾಸ್

ತಪ್ಪು ನಿಮ್ಮದಲ್ಲ, ಆ ವಾಕ್ಯದ್ದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು. ಮೊದಲೇ ಕೀಳರಿಮೆ ಇದ್ದವರಲ್ಲಿ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಅಂತ ಮತ್ತೆ ಮತ್ತೆ ಹೇಳಿಕೊಂಡವರು, ಹೇಳಿಕೊಳ್ಳದವರಿಗಿಂತ ಹೆಚ್ಚು ಕುಗ್ಗಿದ್ದರು. ನಂಬಲಾಗದ ಮಾತು ಕಿವಿಗೆ ಬಿದ್ದ ಕೂಡಲೇ ಮನಸ್ಸು ಅದಕ್ಕೆ ಎದುರುಸಾಕ್ಷಿ ಹುಡುಕುತ್ತೆ.

ಮೊದಲ ಏಳು ದಿನ ಏನನ್ನೂ ತಿದ್ದಬೇಡಿ, ಬರೀ ಬರ್ಕೊಳ್ಳಿ. ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ: ಎಲ್ಲಿ-ಯಾವಾಗ, ಮನಸ್ಸು ಅಂದ ಮಾತು, ಅದರ ಮೇಲೆ ನಿಮಗಿರೋ ನಂಬಿಕೆ 100ಕ್ಕೆ ಎಷ್ಟು, ಆಮೇಲೆ ನಿಜಕ್ಕೂ ಆಗಿದ್ದೇನು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರುಮಾಡಿದ, ಯೋಚನೆಗಳನ್ನ ಪರೀಕ್ಷಿಸಿ ತಿದ್ದೋ ಚಿಕಿತ್ಸಾ ಕ್ರಮದಲ್ಲಿ ಬಳಸೋ ಪಟ್ಟಿಯ ಸರಳ ರೂಪ ಇದು. ಮಾತನ್ನ ಅಕ್ಷರಶಃ ಬರೀಬೇಕು. ‘ಬೇಜಾರಾಯ್ತು’ ಅಂತ ಬರೆದರೆ ಯಾವುದಕ್ಕೂ ಬರಲ್ಲ. ಹೀಗಿರಲಿ: ‘ಸೋಮವಾರ 10.05, ನನ್ನ ಸರದಿಗೆ ಇಬ್ಬರು ಬಾಕಿ. ನಿಂಗೆ ಇಂಗ್ಲಿಷ್ ಬರಲ್ಲ. ನಂಬಿಕೆ 80. ಆಗಿದ್ದು: ಮೂರು ವಾಕ್ಯ ಹೇಳಿದೆ, ಒಂದರಲ್ಲಿ ತಡವರಿಸಿದೆ, ಏನು ಅಂತ ಯಾರೂ ತಿರುಗಿ ಕೇಳಲಿಲ್ಲ.’

ಹೊಸ ವಾಕ್ಯ ಹುಟ್ಟಬೇಕಾದ್ದು ಆ ಕೊನೇ ಕಾಲಂನಿಂದ: ‘ತಡವರಿಸಿದರೂ ನಾನು ಹೇಳಿದ್ದು ಅವರಿಗೆ ಅರ್ಥ ಆಗುತ್ತೆ.’ ಇದಕ್ಕೂ ಅಂಕ ಕೊಡಿ. 70 ದಾಟಲಿಲ್ಲವಾ, ಒಂದು ಮೆಟ್ಟಿಲು ಇಳಿಸಿ: ‘ಮೂರು ವಾಕ್ಯ ಹೇಳೋಕೆ ನನಗೆ ಬರುತ್ತೆ.’ ಪುಟ್ಟದು ಅನ್ನಿಸಬಹುದು, ಆದರೆ ಮನಸ್ಸು ಇದಕ್ಕೆ ಎದುರಾಡಲಾರದು.

ವಿಜಯನಗರ ಓದುಗ

ಭಾಷೆ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ಬರಲ್ಲ’ ಅಂದರೆ ಇವತ್ತೂ ಇಲ್ಲ, ನಾಳೆಯೂ ಇಲ್ಲ. ‘ಇನ್ನೂ ಬಂದಿಲ್ಲ’ ಅಂದರೆ ಇಲ್ಲೀವರೆಗೆ ಮಾತ್ರ. ನೋಟ್‌ಬುಕ್ಕಲ್ಲಿ ‘ಬರಲ್ಲ’, ‘ಆಗಲ್ಲ’ ಸಿಕ್ಕಲ್ಲೆಲ್ಲ ಮೊದಲು ಇಷ್ಟನ್ನೇ ಬದಲಾಯಿಸಿ ನೋಡಿ, ಅರ್ಧ ಭಾರ ಅಲ್ಲೇ ಇಳಿಯುತ್ತೆ.

ಇನ್ನು ‘ಆತ್ಮವಿಶ್ವಾಸದಿಂದ ತುಂಬಿದ್ದೇನೆ’ ಅಂತ ಯಾರ ಮನಸ್ಸೂ ಮಾತಾಡಲ್ಲ. ಬೈಗುಳ ಆಡುಮಾತಿನಲ್ಲಿ, ಉತ್ತರ ಗ್ರಂಥದ ಕನ್ನಡದಲ್ಲಿ ಇದ್ದರೆ ಗೆಲ್ಲೋದು ಬೈಗುಳವೇ. ಮನಸ್ಸು ಏಕವಚನದಲ್ಲಿ ಗದರುತ್ತಲ್ಲ, ಆ ಏಕವಚನವನ್ನೇ ಉಳಿಸಿಕೊಳ್ಳಿ, ದನಿ ಮಾತ್ರ ತಂಗಿಗೋ ತಮ್ಮನಿಗೋ ಹೇಳೋ ಹಾಗಿರಲಿ: ‘ನೋಡು, ಮೊದಲ್ನೇ ವಾಕ್ಯ ಹೇಳು, ಮಿಕ್ಕಿದ್ದು ಆಮೇಲೆ.’ ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ತೋರಿಸಿದ್ದೂ ಇದನ್ನೇ. ‘ನಾನು’ ಬಿಟ್ಟು ತಮ್ಮ ಹೆಸರು ಹಿಡಿದೋ ‘ನೀನು’ ಅಂತಲೋ ಮಾತಾಡಿಕೊಂಡವರಿಗೆ ಭಾಷಣದ ಒತ್ತಡ ಕಡಿಮೆ ಆಗಿತ್ತು.

ಹನುಮಂತನಗರ ನಿವಾಸಿ

ಮೆಟ್ರೋದಲ್ಲಿ ಹೋಗ್ತಾ ಹೇಳ್ಕೊಂಡ್ರೆ ಸಾಕಾ? ‘ನಾನು ಹೆದರದೆ ಚೆನ್ನಾಗಿ ಮಾತಾಡ್ತೀನಿ’ ಅಂತ ಇಟ್ಕೊಂಡ್ರೆ ಹೇಗೆ?

ಮಲ್ಲೇಶ್ವರ 18ನೇ ಕ್ರಾಸ್

ನ್ಯಾಷನಲ್ ಕಾಲೇಜ್ ಸ್ಟೇಷನ್‌ನಿಂದ ಮೆಜೆಸ್ಟಿಕ್‌ವರೆಗೆ ನೂರು ಸಲ ಜಪ ಮಾಡೋದಕ್ಕಿಂತ, ಗದರಿಕೆ ಶುರುವಾಗೋ ಜಾಗದಲ್ಲೇ ಎರಡು ಸಲ ಹೇಳೋದು ಮೇಲು. ನಾನು ಮೇಲೆ ಕೊಟ್ಟ ಉದಾಹರಣೆಯಲ್ಲಿ ಆ ಜಾಗ ‘ಇಬ್ಬರು ಬಾಕಿ ಇದ್ದಾಗ’. ಮೈಕ್ ಮ್ಯೂಟ್‌ನಲ್ಲಿರಲಿ, ಉಸಿರನ್ನ ನಿಧಾನವಾಗಿ ಹೊರಗೆ ಬಿಡಿ, ವಾಕ್ಯ ಹೇಳ್ಕೊಳ್ಳಿ. ಒಂದು ಸಲಕ್ಕೆ ಒಂದೇ ವಾಕ್ಯ. 21 ದಿನದ ಲೆಕ್ಕ ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ಮೈಗೂಡೋಕೆ ಸರಾಸರಿ 66 ದಿನ ಹಿಡಿದಿತ್ತು.

ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ‘ಬದುಕಿದ್ದೇನು ಪ್ರಯೋಜನ’ ಅನ್ನೋ ಮಾತು ಒಳಗೆ ಕೇಳ್ತಿದ್ದರೆ ನೋಟ್‌ಬುಕ್ ನೆಚ್ಚಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಕೂಡ ನಮ್ಮೂರಲ್ಲೇ ಇದೆ.

ನಿಮ್ಮ ವಾಕ್ಯದಲ್ಲಿ ಎರಡು ಪದ ತೆಗೀರಿ. ‘ಹೆದರದೆ’ ಅಂದಾಗ ಮನಸ್ಸು ಹೆದರಿಕೆ ಇದೆಯಾ ಅಂತ ತಡಕಾಡುತ್ತೆ. ‘ಚೆನ್ನಾಗಿ’ ಅನ್ನೋದಕ್ಕೆ ಅಳತೆಯೇ ಇಲ್ಲ. ಅದರ ಬದಲು ಇದನ್ನ ಇಟ್ಕೊಳ್ಳಿ: ‘ನನ್ನ ಸರದಿ ಬಂದಾಗ, ನಿನ್ನೆ ಮುಗಿಸಿದ ಕೆಲಸ ಮೊದಲು ಹೇಳ್ತೀನಿ.’