ಡ್ರಾಯಿಂಗ್ ಮೇಷ್ಟ್ರಿಗೆ ಅನಿಮೇಷನ್ ಕ್ಲಾಸ್: ನಿಮ್ಮ ಅನುಭವ ಹೇಳಿ

ಪ್ರಶ್ನೆ: 11 ವರ್ಷದಿಂದ ಡ್ರಾಯಿಂಗ್ ಕಲಿಸುತ್ತಿದ್ದೇನೆ. ಹೂಜಿ, ಹಣ್ಣು, ಭಾವಚಿತ್ರ, ಶೇಡಿಂಗ್, ಇಷ್ಟೇ ನನ್ನ ಲೋಕ. ಮುಂದಿನ ತಿಂಗಳಿಂದ ಅನಿಮೇಷನ್ ಬ್ಯಾಚಿಗೂ ನಾನೇ ಹೋಗಬೇಕಂತೆ. ಸಾಫ್ಟ್‌ವೇರ್ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಾನೂ ಹೀಗೇ ಬಂದವಳು ಸರ್. ಸಾಫ್ಟ್‌ವೇರ್ ಚಿಂತೆ ಬಿಡಿ, ಅದಕ್ಕೆ ಬೇರೆಯವರು ಇರುತ್ತಾರೆ. ನನಗೆ ಕಷ್ಟವಾಗಿದ್ದು ಚಂದದ ಚಿತ್ರದ ಚಟ ಬಿಡುವುದು. ಮೊದಲ ವಾರ ಪುಟಿಯುವ ಚೆಂಡನ್ನು ಹಾಳೆಗೊಂದು ಹಂತದಂತೆ ಬಿಡಿಸಲು ಹೇಳಿದೆ. ಒಬ್ಬ ಹುಡುಗ ಎಂಥಾ ಶೇಡಿಂಗ್ ಕೊಟ್ಟಿದ್ದ ಅಂದ್ರೆ, ಇಡೀ ಕ್ಲಾಸಿಗೆ ತೋರಿಸಿದೆ. ಹಾಳೆಗಳನ್ನು ಪಟಪಟ ತಿರುವಿದರೆ ಚೆಂಡು ಲಿಫ್ಟಿನಲ್ಲಿ ಕೂತ ಹಾಗೆ ಇಳಿಯಿತು! ಪ್ರತಿ ಚಿತ್ರದ ನಡುವೆಯೂ ಒಂದೇ ಅಂತರ. ಮೇಲೆ ಚೆಂಡು ನಿಧಾನವಾಗುತ್ತದೆ, ಅಲ್ಲಿ ಚಿತ್ರಗಳು ಒತ್ತೊತ್ತಾಗಿರಬೇಕು. ನೆಲ ಹತ್ತಿರವಾದಂತೆ ದೂರ ದೂರ. ನೆಲಕ್ಕೆ ಬಡಿದಾಗ ಚಪ್ಪಟೆ ಮಾಡಿದರೆ ಅಗಲ ಜಾಸ್ತಿ ಮಾಡಬೇಕು, ಇಲ್ಲದಿದ್ದರೆ ಚೆಂಡೇ ಸಣ್ಣದಾದಂತೆ ಕಾಣುತ್ತದೆ. ತಿದ್ದಿಕೊಳ್ಳಲು ಅವನಿಗೆ ಎರಡು ದಿನ ಹಿಡಿಯಿತು. ನನಗೆ ಅದಕ್ಕಿಂತ ಜಾಸ್ತಿ.

ಆಮೇಲೆ ಎಲ್ಲರ ರಬ್ಬರ್ ಕಿತ್ತಿಟ್ಟುಕೊಂಡೆ. ದಿನಾ ಮೊದಲ ಅರ್ಧ ಗಂಟೆ 30 ಸೆಕೆಂಡಿಗೊಂದು ಭಂಗಿ. ಕಣ್ಣು, ಮೂಗು ಬೇಡ. ಮೈಭಾರ ಯಾವ ಕಾಲಿನ ಮೇಲಿದೆ, ಬೆನ್ನು ಯಾವ ಕಡೆ ಬಾಗಿದೆ, ಅಷ್ಟು ಸಿಕ್ಕರೆ ಸಾಕು. "ಮೇಡಂ, ಇದು ಸುಮ್ನೆ ಗೀಚಿದ ಹಾಗಿದೆ" ಅಂತ ಒಬ್ಬಳು ಅತ್ತೇಬಿಟ್ಟಳು. ಗೀಚಿದ್ದೇ, ಅಲ್ವಾ? ತೆರೆ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 12 ಚಿತ್ರ ಬೇಕು. ಒಂದಕ್ಕೇ ಅಂಟಿಕೊಂಡು ಕೂತರೆ ಹೇಗೆ?

ಉತ್ತರ: ಸ್ಟುಡಿಯೋದಲ್ಲಿ ಹೊಸಬರ ಪೋರ್ಟ್‌ಫೋಲಿಯೋ, ಅಂದ್ರೆ ಅವರು ಬಿಡಿಸಿದ ಚಿತ್ರಗಳ ಕಟ್ಟು, ನೋಡುವುದು ನನ್ನ ಕೆಲಸ. ಫೋಟೋ ನೋಡಿ ಬಿಡಿಸಿದ ಭಾವಚಿತ್ರ ಹತ್ತಿದ್ದರೂ ಪುಟ ಮಗುಚಿಬಿಡುತ್ತೇನೆ. ಒಂದೇ ಪಾತ್ರವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬಿಡಿಸಿ, ತಲೆಯ ಅಳತೆ ಎಲ್ಲೂ ತಪ್ಪದಿದ್ದರೆ ಅಲ್ಲಿ ಕಣ್ಣು ನಿಲ್ಲುತ್ತದೆ. ನಿಮ್ಮ ಹೂಜಿ ಇಲ್ಲಿ ಕೆಲಸಕ್ಕೆ ಬರುತ್ತದೆ ಮೇಷ್ಟ್ರೇ. ಅದನ್ನು ಕಣ್ಣೆದುರಿಂದ ತೆಗೆದಿಟ್ಟು, ನೆನಪಿನಿಂದ ಓರೆಯಾಗಿ, ಮೇಲಿನಿಂದ ಬಿಡಿಸಲು ಹೇಳಿ.

ಉತ್ತರ: ಮೇಲಿನ ಉತ್ತರ ಓದಿ ಶೇಡಿಂಗ್ ಪೂರ್ತಿ ಬಿಡಬೇಕು ಅಂದುಕೊಳ್ಳಬೇಡಿ, ಅದನ್ನು ನಾನು ಒಪ್ಪಲ್ಲ. ಹಿನ್ನೆಲೆ ಚಿತ್ರ ಮಾಡುವವರಿಗೆ ನೆರಳು ಬೆಳಕೇ ಅನ್ನ. ಇನ್ನು, ಅನಿಮೇಷನ್ ಗೊತ್ತಿಲ್ಲ ಅಂತ ಸಂಕೋಚ ಬೇಡ. 1932ರಲ್ಲಿ ಡಿಸ್ನಿ ಸ್ಟುಡಿಯೋ ತನ್ನ ಅನಿಮೇಟರ್‌ಗಳಿಗೆ ಡ್ರಾಯಿಂಗ್ ಕಲಿಸಲು ಕರೆಸಿದ್ದು ಡಾನ್ ಗ್ರಹಾಂ ಅವರನ್ನು. ಅವರೂ ಆರ್ಟ್ ಸ್ಕೂಲಿನ ಮೇಷ್ಟ್ರೇ, ಅನಿಮೇಟರ್ ಅಲ್ಲ. ಒಂದು ಮಾತು, ಹಳೇ ಬ್ಯಾಚನ್ನು ಬಿಟ್ಟುಕೊಡಬೇಡಿ. ಹೊಸ ಕೋರ್ಸಿಗೆ ಒಂದು ವರ್ಷ ಜನ ತುಂಬುತ್ತಾರೆ, ಇನ್ನೊಂದು ವರ್ಷ ಬೆಂಚು ಖಾಲಿ. ಕ್ಲಾಸಿಗೆ ಮುಂಚೆ ನೀವೇ ಒಂದು ಚೆಂಡು ಬಿಡಿಸಿ, ಫೋನಿನಲ್ಲಿ ಒಂದೊಂದೇ ಫೋಟೋ ತೆಗೆದು ಓಡಿಸಿ ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು 12 ಹಾಳೆ ಬಿಡಿಸಿದೆ. ನನ್ನ ಚೆಂಡೂ ಲಿಫ್ಟಿನಲ್ಲೇ ಇಳಿಯಿತು.