ಎಂಬೀಡ್ ಸೊನ್ನೆ ಹೊಡೆದಿದ್ದು ಯಾರ ತಪ್ಪು?

(ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮಿನ ಹಳಬರ ವಾಟ್ಸಾಪ್ ಗುಂಪು)

ಮಂಜು: [ವಿಡಿಯೊ] 2019 ನವೆಂಬರ್ 25, ಟೊರಾಂಟೊ ರ‍್ಯಾಪ್ಟರ್ಸ್ ಎದುರು ಫಿಲಡೆಲ್ಫಿಯಾ ಟೀಮಿನ ಜೋಯೆಲ್ ಎಂಬೀಡ್, ಅಮೆರಿಕದ ಎನ್‌ಬಿಎ ಲೀಗ್ ಗೇಮ್. 11 ಶಾಟ್, ಒಂದೂ ಬಿದ್ದಿಲ್ಲ. 3 ಫ್ರೀ ಥ್ರೋ, ತಡೆಯಲು ಯಾರೂ ಇಲ್ಲ, ಅದೂ ಬಿದ್ದಿಲ್ಲ. ದೊಡ್ಡ ಸೊನ್ನೆ! ಇವನನ್ನೇನಾ ನೀವೆಲ್ಲ ಈ ಕಾಲದ ಶಾಕ್ (ದೈತ್ಯ ಆಟಗಾರ ಶಕೀಲ್ ಓನೀಲ್) ಅಂತಿದ್ದದ್ದು?

ಸುಧಾ: ಸ್ಕೋರ್ ನೋಡಿದೆಯೋ, ಆಟ ನೋಡಿದೆಯೋ? ಇನ್ನೊಂದು ಸಲ ಹಾಕು. ಬಾಲ್ ನೋಡಬೇಡ, ಅವನನ್ನು ಕಾಯುತ್ತಿರುವ ಟೊರಾಂಟೊದ ಮಾರ್ಕ್ ಗಸೋಲ್ ಕಾಲು ನೋಡು.

ಮಂಜು: ಕಾಲಲ್ಲಿ ಏನಿದೆ ಅಕ್ಕಾ 😄

ಸುಧಾ: ಎಲ್ಲ ಅಲ್ಲೇ ಇರುವುದು. ಎಂಬೀಡ್ ಏಳಡಿ ಆಳು, ತೂಕ 125 ಕೆಜಿ ಮೇಲೆ. ರಿಂಗ್ ಪಕ್ಕದಲ್ಲಿ ಬಾಲ್ ಸಿಕ್ಕಿತು ಅಂದರೆ ಯಾರೂ ಏನೂ ಮಾಡೋಕಾಗಲ್ಲ. ಅದಕ್ಕೇ ಗಸೋಲ್ ಶಾಟ್ ತಡೆಯುವ ಗೋಜಿಗೇ ಜಾಸ್ತಿ ಹೋಗುವುದಿಲ್ಲ. ಬಾಲ್ ಬರುವ ಮೊದಲೇ ಎದೆ, ತೊಡೆ ಕೊಟ್ಟು ಒಂದೆರಡು ಹೆಜ್ಜೆ ಹೊರಗೆ ತಳ್ಳಿಬಿಡುತ್ತಾನೆ. ಅಷ್ಟು ದೂರದಲ್ಲಿ ಹಿಡಿದರೆ ಒಳಗೆ ಬರಲು ಡ್ರಿಬಲ್ ಬೇಕೇ ಬೇಕು. ಡ್ರಿಬಲ್ ಮಾಡಿದರೆ ಬಾಲ್ ಕೆಳಗೆ ಬರುತ್ತದೆ, ಪಕ್ಕದ ಗಾರ್ಡ್ ಕೈ ಹಾಕುತ್ತಾನೆ. ಗಸೋಲ್ ಎತ್ತರಕ್ಕೆ ಹಾರುವವನೂ ಅಲ್ಲ. ಆದರೂ 2013ರಲ್ಲಿ ಎನ್‌ಬಿಎ ವರ್ಷದ ಡಿಫೆಂಡರ್ ಆಗಿದ್ದು ಸುಮ್ನೆ ಅಲ್ಲ.

ಕಿರಣ್ (ಟೊರಾಂಟೊ): ನಮ್ಮೂರ ವಿಷಯ, ಬಾಯಿ ಹಾಕ್ತೀನಿ. ಗಸೋಲ್ ಒಬ್ಬನಿಗೇ ಹಾರ ಹಾಕಬೇಡಿ. ಆಗಿನ ನಮ್ಮ ಕೋಚ್ ನಿಕ್ ನರ್ಸ್ ಡಬಲ್ ಟೀಮ್ (ಒಬ್ಬನನ್ನು ತಡೆಯಲು ಇಬ್ಬರು) ಕಳಿಸುತ್ತಿದ್ದರಲ್ಲ? ರಿಂಗಿಗೆ ಬೆನ್ನು ಹಾಕಿ ನಿಂತವನಿಗೆ ಎರಡನೆಯವನು ಯಾವ ಕಡೆಯಿಂದ ಬರುತ್ತಾನೆ ಅಂತ ಹೇಗೆ ಗೊತ್ತಾಗಬೇಕು?

ಪ್ರಭು ಸರ್: ಆಗ ಎಂಬೀಡ್ ಟೀಮಲ್ಲೇ ಇದ್ದ ಬೆನ್ ಸಿಮನ್ಸ್‌ನನ್ನು ಎಲ್ಲರೂ ಮರೆತಿರಿ. ಹೊರಗಿನಿಂದ ಶಾಟ್ ಹೊಡೆಯುತ್ತಿದ್ದದ್ದೇ ಅಪರೂಪ ಆತ. ಅವನನ್ನು ಕಾಯಬೇಕಾದವನು ಆರಾಮಾಗಿ ಪೇಂಟ್‌ನಲ್ಲಿ (ರಿಂಗ್ ಮುಂದಿನ ಬಣ್ಣದ ಜಾಗ) ಬಂದು ನಿಲ್ಲುತ್ತಿದ್ದ.

ಸುಧಾ: ನಿಲ್ಲುವ ಹಾಗಿಲ್ಲ ಸರ್, ಮೂರು ಸೆಕೆಂಡ್ ರೂಲ್ ಇದೆ. ಯಾರನ್ನೂ ಹತ್ತಿರದಿಂದ ಕಾಯದೆ ಅಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರಬಾರದು.

ಪ್ರಭು ಸರ್: ಮೂರು ಸೆಕೆಂಡ್ ಆಗುವ ಮೊದಲು ಪೂರ್ತಿ ಹೊರಗೆ, ಮತ್ತೆ ಒಳಗೆ. ಅಷ್ಟು ಸಾಕಮ್ಮ.

ಮಂಜು: ಒಟ್ಟಿನಲ್ಲಿ ಅವನದೇನೂ ತಪ್ಪಿಲ್ಲ ಅಂತೀರಿ. ಅದೇ ವರ್ಷ ಮೇನಲ್ಲಿ ಪ್ಲೇಆಫ್‌ನಲ್ಲೂ ಅದೇ ಗಸೋಲ್, ಅದೇ ಕಥೆ. ಏಳು ಗೇಮಿನ ಸರಣಿಯ ಕೊನೆಯ ಏಳನೇ ಗೇಮ್ ಸೋತು ಮನೆಗೆ ಹೋದರು.

ಸುಧಾ: ಆ ಗೇಮ್ ಸೋತಿದ್ದು 92-90. ಟೊರಾಂಟೊದ ಕವಾಯ್ ಲೆನಾರ್ಡ್ ಕೊನೆಯ ಶಾಟ್ ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಎಂಬೀಡ್ 45 ನಿಮಿಷ ಆಡಿದ. ಅವನು ಕೋರ್ಟಲ್ಲಿದ್ದಷ್ಟು ಹೊತ್ತು ಫಿಲಡೆಲ್ಫಿಯಾ 10 ಪಾಯಿಂಟ್ ಮೇಲಿತ್ತು. ಬೆಂಚಲ್ಲಿ ಕೂತಿದ್ದು ಮೂರು ನಿಮಿಷವೂ ಇಲ್ಲ, ಅಷ್ಟರಲ್ಲಿ 12 ಪಾಯಿಂಟ್ ಕೈಬಿಟ್ಟಿತು. ಅವನ ಪೋಸ್ಟ್ ಅಪ್ (ರಿಂಗಿಗೆ ಬೆನ್ನು ಹಾಕಿ ಆಡುವುದು) ಕಟ್ಟಿಹಾಕಿದರು, ಒಪ್ಪುತ್ತೇನೆ. ಅವನನ್ನೇ ಕಟ್ಟಿಹಾಕಿದರು ಅನ್ನಬೇಡ.

ಕಿರಣ್ (ಟೊರಾಂಟೊ): ಆಮೇಲೆ ಜಾಗ ಬದಲಿಸಿಕೊಂಡ ನೋಡಿ. ಫ್ರೀ ಥ್ರೋ ಗೆರೆ ಹತ್ತಿರ ರಿಂಗಿಗೆ ಮುಖ ಮಾಡಿ ಬಾಲ್ ಹಿಡಿಯಲು ಶುರು ಮಾಡಿದ. ಅಲ್ಲಿ ಡಬಲ್ ಬಂದರೆ ಕಣ್ಣಿಗೇ ಕಾಣುತ್ತದೆ. 2022ರಲ್ಲಿ ಗೇಮಿಗೆ ಸರಾಸರಿ 30.6 ಪಾಯಿಂಟ್, 2023ರಲ್ಲಿ 33.1. ಎರಡೂ ವರ್ಷ ಲೀಗ್‌ಗೇ ಮೊದಲು. 2023ರಲ್ಲಿ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಕೂಡ.

ಮಂಜು: ಅದೇ 2023, ಬಾಸ್ಟನ್ ಎದುರು ಏಳನೇ ಗೇಮ್. 18 ಶಾಟ್‌ಗೆ 5, ಒಟ್ಟು 15 ಪಾಯಿಂಟ್. ಅವನನ್ನು ಕಾದ ಅಲ್ ಹಾರ್ಫರ್ಡ್‌ಗೆ ಆಗ 36 ವರ್ಷ!

ಸುಧಾ: ಆ ಪ್ಲೇಆಫ್‌ನಲ್ಲಿ ಮೊಣಕಾಲು ಪೆಟ್ಟು ಮಾಡಿಕೊಂಡಿದ್ದ ಅನ್ನುವುದನ್ನೂ ಹಾಕಪ್ಪಾ.

ಪ್ರಭು ಸರ್: ಹಾರ್ಫರ್ಡ್ ತಮಾಷೆ ಗೊತ್ತಲ್ವಾ? ಬಾಸ್ಟನ್‌ನಲ್ಲಿ ಇದ್ದಾಗಲೇ ಎಂಬೀಡ್‌ಗೆ ತಲೆನೋವು. 2019ರಲ್ಲಿ ಫಿಲಡೆಲ್ಫಿಯಾದವರು ದುಡ್ಡು ಸುರಿದು ತಮ್ಮ ಟೀಮಿಗೇ ಕರೆತಂದರು. ಎದುರು ಆಡದಿದ್ದರೆ ಸಾಕು ಅಂತಲೇ ತಂದರೋ ಏನೋ. ಆಮೇಲೆ ಆತ ಬಾಸ್ಟನ್‌ಗೇ ವಾಪಸ್ ಹೋದ, ಅದು ಬೇರೆ. ಮಂಜು ಹಾಕಿದ ವಿಡಿಯೊ ಆ ಸೀಸನ್ನಿನದೇ.

ಕಿರಣ್ (ಟೊರಾಂಟೊ): ನಮ್ಮ ನಿಕ್ ನರ್ಸ್ ಕೂಡ 2023ರಲ್ಲಿ ಫಿಲಡೆಲ್ಫಿಯಾ ಕೋಚ್ ಆದರು 😂

ಮಂಜು: ಅಂದರೆ ಅವನನ್ನು ಕಟ್ಟಿಹಾಕಿದವರನ್ನೆಲ್ಲ ಸಂಬಳ ಕೊಟ್ಟು ಕರೆಸಿಕೊಂಡರು. ಇದಕ್ಕಿಂತ ಸಾಕ್ಷಿ ಬೇಕಾ ಸುಧಕ್ಕಾ?

ಸುಧಾ: ಯಾವುದಕ್ಕೆ ಸಾಕ್ಷಿ? ಅವನೊಬ್ಬನನ್ನು ತಡೆಯಲು ಗಸೋಲ್, ನರ್ಸ್, ಜೊತೆಗೆ ಇಡೀ ರ‍್ಯಾಪ್ಟರ್ಸ್ ಬೇಕಾಯಿತು ಅನ್ನುವುದಕ್ಕಾ? ಹೌದು, ಒಳ್ಳೇ ಸಾಕ್ಷಿ.