ಸ್ಟಿರಾಯ್ಡ್ ಶುರುವಾದ ಮೇಲೆ ರೇಗಾಟ: ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ಪ್ರೆಡ್ನಿಸೋಲೋನ್ (ಸ್ಟಿರಾಯ್ಡ್ ಮಾತ್ರೆ) 60 ಮಿ.ಗ್ರಾಂ, ಐದನೇ ದಿನ. ರೋಗಿಗೆ ಮೂರೇ ಗಂಟೆ ನಿದ್ದೆ, ಮಾತು ನಿಲ್ಲುತ್ತಿಲ್ಲ, ಸಣ್ಣದಕ್ಕೂ ಸಿಡುಕು. ಮಾತ್ರೆ ಬಿಡಿಸಲೇ?

ಉತ್ತರ 1: ನೀವಾಗಿ ಬಿಡಿಸಬೇಡಿ, ಮೂಲ ಕಾಯಿಲೆ ಕೆರಳಬಹುದು. ವಾರಗಟ್ಟಲೆ ತೆಗೆದುಕೊಂಡವರಲ್ಲಂತೂ ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗಿರಬಹುದು. ತಟ್ಟನೆ ಬಿಟ್ಟರೆ ಬಿಪಿ ಕುಸಿಯಬಹುದು. ಇವತ್ತೇ ವೈದ್ಯರಿಗೆ ಫೋನ್ ಮಾಡಿ, ನಿದ್ದೆಯ ಗಂಟೆಗಳನ್ನು ಬರೆದಿಟ್ಟು ಹೇಳಿ.

ಉತ್ತರ 2: ಇದು ಡೋಸಿನ ಆಟ. 1972ರ ಬಾಸ್ಟನ್ ಅಧ್ಯಯನದಲ್ಲಿ ದಿನಕ್ಕೆ 40 ಮಿ.ಗ್ರಾಂವರೆಗೆ ತೆಗೆದುಕೊಂಡವರಲ್ಲಿ 1.3%, 80 ದಾಟಿದವರಲ್ಲಿ 18.4% ಜನರಿಗೆ ಮನೋವಿಕಾರ ಕಂಡಿತ್ತು. ರಾತ್ರಿ ಡೋಸ್ ಇದ್ದರೆ ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಬಹುದೇ ಎಂದು ಕೇಳಿ.

ಉತ್ತರ 3: ಇಲ್ಲದ ದನಿ ಕೇಳಿಸಿದರೆ, ಸಾಯುವ ಮಾತು ಬಂದರೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಡೋಸ್ ಇಳಿಸುವಾಗ ಖಿನ್ನತೆಯೂ ಕಾಣಿಸಬಹುದು, ಆಗಲೂ ಕಣ್ಣಿಟ್ಟಿರಿ.